ನಾಲೆ ನಿಂತ ಮೇಲಿನ ಅಳತೆ

ಬೇಸಿಗೆಯಲ್ಲಿ ಬಾವಿಯ ನೀರು ಮೇಲೇರುವುದನ್ನು ನಾನು ಕಂಡದ್ದು ಆ ವರ್ಷವೇ ಮೊದಲು. ಮಾರ್ಚ್‌ನಲ್ಲಿ ಅಳೆದಾಗ ಇದ್ದುದಕ್ಕಿಂತ ಏಪ್ರಿಲ್‌ನಲ್ಲಿ ನೀರು ಮೇಲಿತ್ತು. ನಡುವೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಬಿಸಿಲು ಏರಿದಂತೆ ಬಾವಿ ಇಳಿಯಬೇಕು ಎಂಬುದು ನಾವು ಓದಿದ್ದು, ಕಂಡದ್ದು, ವರದಿಗಳಲ್ಲಿ ಬರೆಯುತ್ತ ಬಂದದ್ದು. ಹಾಗಾಗಿ ನಾನು ಮೊದಲು ದೂರಿದ್ದು ಕೈಯಲ್ಲಿದ್ದ ಯಂತ್ರವನ್ನು.

ಯಂತ್ರವೆಂದರೆ ದೊಡ್ಡದೇನಲ್ಲ. ಚಕ್ರಕ್ಕೆ ಸುತ್ತಿದ ಉದ್ದನೆಯ ಟೇಪು, ಅದರ ತುದಿಗೆ ಬೆರಳು ಗಾತ್ರದ ಉಕ್ಕಿನ ತುಂಡು. ಬಾವಿಗೆ ಇಳಿಬಿಟ್ಟರೆ, ತುದಿ ನೀರು ಮುಟ್ಟಿದೊಡನೆ ಮೇಲಿನ ಡಬ್ಬಿ ಕೀಂ ಎನ್ನುತ್ತದೆ. ಆಗ ಟೇಪಿನ ಅಂಕಿ ಓದಿಕೊಳ್ಳಬೇಕು. ಡಬ್ಬಿಯ ಸೆಲ್ ಬದಲಿಸಿ ನೋಡಿದೆ. ನಂಬಿಕೆ ಬರದೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದಲ್ಲಿಗೆ ಗಂಟು ಹಾಕಿ, ಗಂಟಿನವರೆಗೆ ಅಳೆದೆ. ಹಗ್ಗವೂ ಅದನ್ನೇ ಹೇಳಿತು.

ಭದ್ರಾವತಿಯಿಂದ ಹೊಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಒಳಗೆ ಸಾಗಿದರೆ ಸಿಗುವ ಚಿಕ್ಕ ಹಳ್ಳಿ ಅದು. ಊರಿನಾಚೆಯ ಖುಷ್ಕಿ ಜಾಗದಲ್ಲಿ ಒಂದು ಕಾಗದದ ಕಾರ್ಖಾನೆ ಬರುವುದಿತ್ತು. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಅರೆದು ಮತ್ತೆ ಕಂದು ಕಾಗದ ಮಾಡುವಂಥದ್ದು, ಅದಕ್ಕೆ ಬೇಕಾದ ನೀರನ್ನು ತನ್ನದೇ ಬೋರಿನಿಂದ ಎತ್ತುವಂಥದ್ದು. ಇಂಥ ಕಾರ್ಖಾನೆಗೆ ಒಪ್ಪಿಗೆ ಸಿಗಬೇಕಾದರೆ ಮೊದಲು ಪರಿಸರ ಪರಿಣಾಮದ ಅಂದಾಜು ಆಗಬೇಕು. ಸುತ್ತಲ ಹತ್ತು ಕಿಲೋಮೀಟರಿನ ಗಾಳಿ, ನೀರು, ಮಣ್ಣು, ಸದ್ದು, ಜನಜೀವನ ಈಗ ಹೇಗಿವೆಯೆಂದು ಒಂದು ಋತುವಿನುದ್ದಕ್ಕೂ ಅಳೆದು, ಕಾರ್ಖಾನೆ ಬಂದರೆ ಏನೇನು ಬದಲಾದೀತೆಂದು ಲೆಕ್ಕ ಹಾಕಿ, ಕರಡು ವರದಿ ಬರೆಯುವುದು. ಆ ಕರಡನ್ನು ಜನರ ಮುಂದಿಟ್ಟು ಆಲಿಕೆ ಸಭೆ ನಡೆಸುತ್ತಾರೆ. ಅಲ್ಲಿ ಬಂದ ಮಾತುಗಳನ್ನೂ ಸೇರಿಸಿದ ವರದಿ ರಾಜ್ಯದ ತಜ್ಞರ ಸಮಿತಿಗೆ ಹೋಗುತ್ತದೆ. ಶಿವಮೊಗ್ಗದಲ್ಲಿ ಇಂಥ ವರದಿ ಮಾಡುವ ಕಚೇರಿಯಲ್ಲಿ ಹೊರಗಿನ ಅಳತೆಗಳೂ ಕನ್ನಡದ ಸಾರಾಂಶವೂ ನನ್ನ ಪಾಲಿನ ಕೆಲಸ. ವರದಿಯ ಖರ್ಚು ಕಾರ್ಖಾನೆಯವರದೇ. ಇದನ್ನು ಕೇಳಿದವರು ಹುಬ್ಬೇರಿಸುತ್ತಾರೆ. ಏರಿಸಲಿ, ಪದ್ಧತಿ ಇರುವುದೇ ಹಾಗೆ.

ಬೆಳಗ್ಗೆ ಮನೆಯಲ್ಲಿ ತಿಂಡಿ ಮುಗಿಸಿ, ಡಬ್ಬಿಗೆ ಅವಲಕ್ಕಿ ತುಂಬಿಕೊಂಡು ಹೊರಟರೆ ಜೀಪು ಮಲವಗೊಪ್ಪ ದಾಟುವಷ್ಟರಲ್ಲಿ ಡ್ರೈವರ್ ಮಾತು ಶುರುವಾಗುತ್ತಿತ್ತು. ಅವರ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ಜೀಪು ಹತ್ತಿ, ಬಂದ ದಾರಿಯಲ್ಲೇ ನನ್ನನ್ನು ವಾಪಸ್ ಕರೆದೊಯ್ಯುವುದು.

"ಜನ್ನಾಪುರದಲ್ಲೇ ನಿಂತ್ಕೊಂಡು ಕೈ ಅಡ್ಡ ಹಾಕಿದ್ರೆ ಆಗ್ತಿತ್ತಕ್ಕಾ, ಈ ಜೀಪು ಓಡಿಸೋನು ನಾನೇ ಅಲ್ದೇ ಹೋಗಿದ್ರೆ" ಎಂದು ನಗಿಸುತ್ತಿದ್ದರು.

ಅವರು ಮೊದಲು ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಸ್ಟಿಯರಿಂಗ್ ಹಿಡಿದರು. ಬಾಯ್ಲರ್ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಸಿ ಜೀಪಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದರು. ಕಾಗದದ ಕಾರ್ಖಾನೆಗೂ ಬಾಯ್ಲರ್ ಬೇಕಲ್ಲ, ಅವರ ಕಣ್ಣೆಲ್ಲ ಅದರ ಮೇಲೇ.

ಹಳ್ಳಿಯ ಬಾವಿ ಊರ ನಡುವಿನ ಕಲ್ಲುಕಟ್ಟಡದ ಹಳೆಯ ಬಾವಿ. ಮನೆಮನೆಗೆ ಪಂಚಾಯ್ತಿ ನಲ್ಲಿ ಇದೆ, ಅದಕ್ಕೆ ಬೋರಿನ ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ನಾನು ಇದನ್ನು ಕೇಳಿ ಬರೆದುಕೊಂಡು ಸುಮ್ಮನಾಗದೆ, ಒಂದು ಬಾಟಲಿ ಆ ನೀರು, ಒಂದು ಬಾಟಲಿ ಬಾವಿ ನೀರು ಮನೆಗೆ ತಂದು, ಎರಡು ಪಾತ್ರೆಗಳಲ್ಲಿ ಒಂದೇ ಅಳತೆಯ ತೊಗರಿಬೇಳೆ ಬೇಯಿಸಿ ನೋಡಿದೆ. ಬಾವಿ ನೀರಿನದು ಹಿಟ್ಟಾಯಿತು. ಬೋರಿನ ನೀರಿನಲ್ಲಿ ಬೇಳೆ ಕಾಳುಕಾಳಾಗಿಯೇ ನಿಂತಿತು. ಪ್ರಯೋಗಾಲಯದ ಫಲಿತಾಂಶ ಬಂದಾಗ ಅದರಲ್ಲೂ ಗಡಸುತನ ಜಾಸ್ತಿಯೆಂದೇ ಇತ್ತು. ಕುಡಿಯಲು, ಅಡುಗೆಗೆ ಇಡೀ ಊರು ಬಾವಿಯನ್ನೇ ನಂಬಿತ್ತು. ಬಾವಿ ಕೈಕೊಟ್ಟರೆ ಅವರಿಗೆ ಇನ್ನೊಂದು ದಾರಿಯಿರಲಿಲ್ಲ.

ಆ ಬಾವಿಗೆ ಒಬ್ಬ ಯಜಮಾನಿ ಇದ್ದರು. ಬಾವಿ ಯಾರೊಬ್ಬರದೂ ಅಲ್ಲ, ಊರಿನದು. ಆದರೆ ಕಟ್ಟೆಗೆ ಅಂಟಿಕೊಂಡಿದ್ದ ಮನೆ ಅವರದು. ಚಪ್ಪಲಿ ಬಿಡದೆ ಕಟ್ಟೆ ಹತ್ತಿದವರನ್ನು, ಸೋಪು ಹಚ್ಚಿಕೊಂಡು ಕೊಡಕ್ಕೆ ಕೈ ಹಾಕಿದವರನ್ನು ಅವರು ಜಗುಲಿಯಿಂದಲೇ ವಿಚಾರಿಸಿಕೊಳ್ಳುತ್ತಿದ್ದರು. ಊರಿನವರಿಗೆ ಅವರು ಬಾವಿಮನೆಯಮ್ಮ. ನನ್ನ ಟೇಪು ನೋಡಿ ಮೊದಲ ದಿನ ಅವರು ಕೇಳಿದ್ದು, "ಅದನ್ನ ತೊಳ್ದಿದ್ದೀರಾ?"

ತೊಳೆದೆ. ಅವರ ಎದುರಿಗೇ ಇನ್ನೊಮ್ಮೆ ತೊಳೆದೆ.

"ನೀವೆಷ್ಟು ಬೇಕಾದ್ರೂ ಅಳೀರಿ ಮೇಡಮ್ಮ. ನಮ್ಮ ಬಾವಿ ಬತ್ತಿದ್ದು ನಾನು ಕಂಡಿಲ್ಲ, ನಮ್ಮತ್ತೆ ಕಂಡಿಲ್ಲ. ಸುತ್ತಮುತ್ತಲೋರು ಇಲ್ಲಿಗೆ ಹೆಣ್ಣು ಕೊಡೋದೇ ಈ ನೀರು ನೋಡಿ."

ಬಾವಿ ಯಾಕೆ ಏರುತ್ತಿದೆಯೆಂಬ ಪ್ರಶ್ನೆ ನನ್ನ ತಲೆ ಬಿಡಲಿಲ್ಲ. ನಾವು ಅಳೆಯುತ್ತಿದ್ದದ್ದು ಇದೊಂದೇ ಬಾವಿಯಲ್ಲ, ಸುತ್ತಲ ಹಳ್ಳಿಗಳಲ್ಲೂ ಹಲವಿದ್ದವು. ಒಂದು ಮಧ್ಯಾಹ್ನ ಕಚೇರಿಯ ಗೋಡೆಯ ಮೇಲಿದ್ದ ನಕ್ಷೆಯ ಮುಂದೆ ನಿಂತು, ನೀರು ಇಳಿದ ಬಾವಿಗಳಿಗೆ ಕೆಂಪು, ಏರಿದವಕ್ಕೆ ಹಸಿರು ಗುರುತು ಹಾಕೋಣವೆಂದು ಹೊರಟೆ. ಬಣ್ಣದ ಪೆನ್ನು ಸಿಗದೆ, ಬ್ಯಾಗಿನಲ್ಲಿದ್ದ ಬಿಂದಿ ಪ್ಯಾಕೆಟ್ಟಿನಿಂದ ಕೆಂಪು, ಹಸಿರು ಬಿಂದಿಗಳನ್ನೇ ತೆಗೆದು ಅಂಟಿಸಿದೆ. ಮುಗಿಸಿ ಹಿಂದೆ ಸರಿದು ನೋಡಿದರೆ ಹಸಿರು ಬಿಂದಿಗಳೆಲ್ಲ ಒಂದೇ ಕಡೆ ಕೂತಿದ್ದವು, ಭದ್ರಾ ನಾಲೆಯ ಕೆಳಬದಿಗೆ. ಕೆಂಪು ಬಿಂದಿಗಳೆಲ್ಲ ನಾಲೆಯ ನೀರು ಹತ್ತದ ಮೇಲ್ಬದಿಗೆ.

ಆಮೇಲೆ ಅದು ಎಷ್ಟು ಸರಳವೆನಿಸಿತು! ಬೇಸಿಗೆ ಭತ್ತಕ್ಕೆಂದು ಜನವರಿಯಿಂದ ನಾಲೆಯಲ್ಲಿ ನೀರು ಬಿಡುತ್ತಾರೆ. ಗದ್ದೆಗಳಲ್ಲಿ ನೀರು ನಿಂತಿರುತ್ತದೆ. ನಾಲೆಯಿಂದ, ಗದ್ದೆಯಿಂದ ಅದು ದಿನವೂ ಜಿನುಗಿ ಬಾವಿ ಸೇರುತ್ತದೆ. ಅಂದರೆ ಈ ಭಾಗದ ಬಾವಿಗಳಿಗೆ ಬೇಸಿಗೆಯೇ ಸುಗ್ಗಿ. ಬೇಸಿಗೆಯಲ್ಲಿ ಅಳೆದರೆ ಅತಿ ಕಡಿಮೆ ಮಟ್ಟ ಸಿಗುತ್ತದೆ ಎಂಬ ನಮ್ಮ ಎಂದಿನ ಲೆಕ್ಕ ಇಲ್ಲಿ ತಲೆಕೆಳಗಾಗಿತ್ತು. ಬಾವಿಗೆ ನಿಜವಾದ ಕಷ್ಟಕಾಲ, ಮೇ ನಡುವಿನಲ್ಲಿ ನಾಲೆ ನಿಂತ ಮೇಲಿನದು. ಅಲ್ಲಿಂದ ಮಳೆ ಹಿಡಿಯುವವರೆಗಿನ ಕೆಲವೇ ವಾರಗಳು. ಆ ವಾರಗಳ ಅಳತೆ ನಮ್ಮಲ್ಲಿ ಇರಲೇ ಇಲ್ಲ. ನಮ್ಮ ಕೊನೆಯ ಸುತ್ತು ಮೇ ಆರಂಭದಲ್ಲೇ ಮುಗಿದಿತ್ತು.

ವರದಿಯ ಹೊಣೆ ಹೊತ್ತಿದ್ದ ಸಂಯೋಜಕರನ್ನು ಕರೆದು ತೋರಿಸಿದೆ. ಮಾತು ಕಡಿಮೆ, ಕನ್ನಡಕ ಒರೆಸುವುದು ಜಾಸ್ತಿ ಅವರದು.

"ನಕ್ಷೆಗೆ ಮುತ್ತೈದೆ ಕಳೆ ಬಂತಲ್ಲ ಮೇಡಂ" ಎಂದರು. ಆಮೇಲೆ ಬಹಳ ಹೊತ್ತು ನೋಡಿದರು. "ಕರಡಲ್ಲಿ ಏನು ಬರೆದಿದ್ದೀವಿ?"

"ಬೇಸಿಗೆಯಲ್ಲೇ ಬಾವಿ ಮಟ್ಟ ಚೆನ್ನಾಗಿರೋದ್ರಿಂದ ಕಾರ್ಖಾನೆ ಬೋರಿಂದ ತೊಂದರೆ ಆಗಲ್ಲ ಅಂತ."

"ಕರಡು ಪ್ರಿಂಟಾಗಿ ಬೈಂಡಿಂಗಿಗೆ ಹೋಗಿದೆ. ಒಂದು ಅಡಿಟಿಪ್ಪಣಿ ಹಾಕಿದ್ರೆ ಸಾಲದಾ?"

"ಏನಂತ ಹಾಕೋದು ಸರ್? ನಾಲೆ ನಿಂತಾಗ ನೀರು ಇಳಿಯುತ್ತೆ ಅಂತಾನಾ? ಎಷ್ಟು ಇಳಿಯುತ್ತೆ ಅಂತ ಸಮಿತಿಯವರು ಕೇಳಿದ್ರೆ?"

ಅವರು ಕನ್ನಡಕ ತೆಗೆದು ಒರೆಸಿದರು. "ನಾಲೆ ನಿಂತಿದ್ಯಾ ಈಗ?"

"ಮೊನ್ನೆ ನಿಂತಿದೆ."

"ಹಾಗಿದ್ರೆ ಹೋಗಿ ಅಳೆದು ಬನ್ನಿ. ಬೈಂಡಿಂಗ್‌ನೋರಿಗೆ ನಾನು ಹೇಳ್ತೀನಿ."

ಮಾರನೆಯ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಬಾವಿಕಟ್ಟೆಯ ಮೇಲೆ ಡೀಸೆಲ್ ಮೋಟರ್ ಬಂದು ಕೂತಿತ್ತು. ಪಕ್ಕದಲ್ಲಿ ಹಗ್ಗ, ಬಾಂಡಲಿ, ಗುದ್ದಲಿ. ಐದಾರು ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಆ ಊರಿನಲ್ಲಿ ವರ್ಷಕ್ಕೊಮ್ಮೆ ಬಾವಿಯ ನೀರನ್ನು ಹೊರಹಾಕಿ, ಇಳಿದು ಹೂಳು ಎತ್ತಿ, ಕಟ್ಟೆಗೆ ಸುಣ್ಣ ಬಳಿದು, ಗಂಗೆಪೂಜೆ ಮಾಡುವ ಪದ್ಧತಿ. ಅದಕ್ಕೆ ಆರಿಸಿಕೊಂಡ ಹೊತ್ತು ಸರಿಯಾಗಿ ನನಗೆ ಅಳತೆ ಬೇಕಾದ ಹೊತ್ತೇ. ಅವರು ಮೋಟರ್ ಚಾಲೂ ಮಾಡಿದರೆ ನನ್ನ ಅಳತೆ ಅಲ್ಲಿಗೆ ಮುಗಿಯಿತು. ನಾಲೆ ನಿಂತದ್ದಕ್ಕೆ ಎಷ್ಟು ಇಳಿಯಿತು, ಮೋಟರ್ ಎಳೆದದ್ದಕ್ಕೆ ಎಷ್ಟು ಇಳಿಯಿತು ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು.

"ಈಗಲೇ ಯಾಕಮ್ಮ ಹೂಳು ಎತ್ತೋದು?" ಬಾವಿಮನೆಯಮ್ಮನನ್ನು ಕೇಳಿದೆ.

"ಚಾನಲ್ ನಿಂತ ಮೇಲೆ ಗಂಡಸರಿಗೆ ಗದ್ದೇಲಿ ಕೆಲ್ಸ ಇರಲ್ಲ. ಕರೆದ್ರೆ ಬರ್ತಾರೆ. ಬ್ಯಾರೆ ಟೈಮಲ್ಲಿ ಕರೀರಿ ನೋಡಣ, ಒಬ್ಬನೂ ಫೋನ್ ಎತ್ತಲ್ಲ."

"ಈ ಟೈಮಲ್ಲಿ ಬಾವೀಲಿ ನೀರು ಇಳಿದಿರುತ್ತಾ?"

"ಮೋಟ್ರಿಟ್ಟು ಎಳೆದು ಹಾಕಿದ್ರೆ ಇಳೀದೆ ಏರ್ತದಾ ಮಾರಾಯ್ತಿ!"

ಗಂಡಸರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅಲ್ಲೇ ನನಗೆ ಗಂಟು ಬಿಚ್ಚಿದ್ದು. ಈ ಊರಿನವರು ವರ್ಷಾ ವರ್ಷಾ ಬಾವಿ ತಗ್ಗಿದ್ದನ್ನು ಕಾಣುತ್ತಲೇ ಇದ್ದಾರೆ. ಆದರೆ ತಾವು ನೀರು ಎಳೆದದ್ದಕ್ಕೆ ತಗ್ಗಿತು ಎಂದುಕೊಂಡಿದ್ದಾರೆ. ಹೂಳು ಎತ್ತಿ ಕೆಲವು ದಿನಗಳಲ್ಲಿ ಮಳೆ ಬರುತ್ತದೆ, ಹಿಂದೆಯೇ ನಾಲೆಗೂ ನೀರು ಬರುತ್ತದೆ, ಬಾವಿ ಮತ್ತೆ ತುಂಬುತ್ತದೆ. ಮೋಟರ್ ಇಡದೆ ಈ ವಾರಗಳಲ್ಲಿ ಬಾವಿಯನ್ನು ಅದರ ಪಾಡಿಗೆ ಬಿಟ್ಟು ನೋಡಿದವರು ಯಾರೂ ಇಲ್ಲ. ನಮಗೆ ಹೇಗೆ ಗೊತ್ತಿರಲಿಲ್ಲವೋ ಅವರಿಗೂ ಗೊತ್ತಿರಲಿಲ್ಲ.

"ಅಮ್ಮ, ಒಂದು ವಾರ ಮೋಟರ್ ಇಡಬೇಡಿ. ಬಾವಿ ತಾನಾಗೇ ಇಳಿಯುತ್ತಾ ನೋಡ್ಬೇಕು."

"ಮಳೆ ಹಿಡಿದ್ರೆ ಬಾವಿಗೆ ಇಳಿಯೋರು ಯಾರು? ನಿಮ್ಮ ಡ್ರೈವರ್ರಾ?"

ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದರು. "ನಂಗೆ ಈಜು ಬರಲ್ಲಮ್ಮ."

"ಹೂಳಲ್ಲಿ ಈಜೋಕೇನಿದೆ" ಎಂದು ಗಂಡಸರಲ್ಲೊಬ್ಬ ಅಂದ.

ನಾನು ಬಿಡಲಿಲ್ಲ. ಅವರೂ ಬಿಡಲಿಲ್ಲ. ಮೋಟರ್ ಇಡದಿದ್ದರೆ ಬಾವಿ ಇಳಿಯುವುದೇ ಇಲ್ಲವೆಂದು ಅವರ ವಾದ. ಕೊನೆಗೆ ನಾನು, "ಇಳೀಲಿಲ್ಲ ಅಂದ್ರೆ ಹೂಳು ಎತ್ತೋ ದಿನ ನಾನೂ ಬಂದು ಬಾಂಡಲಿ ಹೊರ್ತೀನಿ" ಎಂದೆ. ಬಾವಿಮನೆಯಮ್ಮ ನನ್ನ ಕಾಟನ್ ಸೀರೆಯ ಇಸ್ತ್ರಿ ನೆರಿಗೆಯನ್ನು ಮೇಲಿಂದ ಕೆಳಗೆ ನೋಡಿದರು.

"ಹಂಗಾದ್ರೆ ಒಂದು ವಾರ ಬಿಡಿ ಕಣ್ರೋ" ಎಂದು ಗಂಡಸರಿಗೆ ಹೇಳಿದರು. "ಮೇಡಮ್ಮ ಬಾಂಡಲಿ ಹೊರೋದು ನಾನು ನೋಡ್ಬೇಕು."

ಆ ವಾರ ದಿನವೂ ಹೋದೆ. ಮೊದಲ ಎರಡು ದಿನ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಬಾವಿಮನೆಯಮ್ಮ ಜಗುಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತ, "ಬಾಂಡಲಿ ತೊಳ್ದಿಟ್ಟಿದ್ದೀನಿ" ಎಂದು ಕೂಗುತ್ತಿದ್ದರು. ಮೂರನೆಯ ದಿನ ಕೀಂ ಎನ್ನಬೇಕಾದಲ್ಲಿ ಡಬ್ಬಿ ಸುಮ್ಮನಿತ್ತು. ಟೇಪು ಇನ್ನೂ ಬಿಟ್ಟೆ. ಆಮೇಲೆ ಕೂಗಿತು. ಅಲ್ಲಿಂದ ಮುಂದೆ ದಿನದಿನಕ್ಕೂ ನೀರು ಕೆಳಗೆ. ಯಾವಾಗಲೂ ನೀರಿನೊಳಗಿರುತ್ತಿದ್ದ ಗೋಡೆಯ ಕಲ್ಲುಗಳು ಒಂದೊಂದು ಸಾಲೇ ಹೊರಗೆ ಬಂದವು. ಅವುಗಳ ಮೇಲಿನ ಪಾಚಿ ಒಣಗಿ ಬಿಳಿಚಿಕೊಂಡಿತು.

ವಾರದ ಕೊನೆಗೆ ಬಾವಿಮನೆಯಮ್ಮ ಕೂಗುವುದನ್ನು ಬಿಟ್ಟಿದ್ದರು. ನಾನು ಟೇಪು ಸುತ್ತುವಾಗ ಎದ್ದು ಬಂದು ಕಟ್ಟೆಗೆ ಕೈ ಊರಿ ಒಳಗೆ ಬಗ್ಗಿ ನೋಡಿದರು. ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟರು. ಬಾಂಡಲಿಯ ಮಾತು ಇಬ್ಬರೂ ಎತ್ತಲಿಲ್ಲ.

ಅರ್ಧ ಕೆಲಸ ಮಾತ್ರ ಮುಗಿದಿತ್ತು. ನಾಲೆ ನಿಂತರೆ ಬಾವಿ ಇಳಿಯುತ್ತದೆ ಎಂದು ಗೊತ್ತಾಯಿತು, ಆದರೂ ತಳದಲ್ಲಿ ಊರಿಗೆ ಸಾಲುವಷ್ಟು ನೀರು ಉಳಿದಿತ್ತು. ಆ ಹೊತ್ತಿನಲ್ಲಿ ಕಾರ್ಖಾನೆಯ ಬೋರು ಎಳೆದರೆ? ಬೋರನ್ನು ಮಾಲೀಕರು ಆಗಲೇ ಕೊರೆಸಿದ್ದರು. ಅದನ್ನು ಬೆಳಗಿನಿಂದ ಸಂಜೆಯವರೆಗೆ ಓಡಿಸುತ್ತ ಬಾವಿಯ ಮಟ್ಟವನ್ನು ಮತ್ತೆಮತ್ತೆ ಅಳೆಯುವ ಪರೀಕ್ಷೆಯೊಂದಿದೆ. ಅದು ಮಳೆಗೆ ಮುಂಚೆ ಆಗಬೇಕು. ಇಲ್ಲವಾದರೆ ಇನ್ನೊಂದು ವರ್ಷ.

ಮಾಲೀಕರು ಕಚೇರಿಗೆ ಬಂದರು. ಶಿವಮೊಗ್ಗದಲ್ಲಿ ರಟ್ಟಿನ ಪೆಟ್ಟಿಗೆ ಮಾಡಿ ಮಾರುತ್ತ ಮೇಲೆ ಬಂದವರು, ನೇರ ಮಾತಿನ ಮನುಷ್ಯ.

"ನನ್ನ ಬೋರು ಬೇಡ ಅಂತ ಹೇಳಿಸ್ಕೊಳ್ಳೋಕೆ ನಾನೇ ಜನರೇಟರ್ ಇಟ್ಟು, ನಾನೇ ಡೀಸೆಲ್ ಹಾಕ್ಬೇಕಾ? ಒಳ್ಳೆ ಚೆನ್ನಾಗಿದೆ ಕಣ್ರೀ. ಯಾರೂ ಕೇಳ್ದೇ ಇರೋ ಪ್ರಶ್ನೆ ನೀವೇ ಹುಟ್ಟಿಸ್ತಿದ್ದೀರಲ್ಲ?"

ಸಂಯೋಜಕರು ಕನ್ನಡಕ ಒರೆಸಿ ಹಾಕಿಕೊಂಡರು. "ಸರ್, ಈಗ ಕೇಳಿದ್ರೆ ಅದು ಪ್ರಶ್ನೆ. ಮಿಷನ್ ಎಲ್ಲ ಕೂರಿಸಿ ಕಾಗದ ಬರೋಕೆ ಶುರುವಾದ ಮೇಲೆ ಬಾವಿ ಖಾಲಿಯಾದ್ರೆ ಅದು ಗಲಾಟೆ. ಗೇಟಿನ ಮುಂದೆ ಕೊಡ ಇಟ್ಕೊಂಡು ಹೆಂಗಸರು ಕೂತ್ರೆ ಒಳಗಿಂದ ಲಾರಿ ಹೊರಗೆ ಬರಲ್ಲ. ನಾನು ಈ ಪರೀಕ್ಷೆ ಇಲ್ದೆ ಕರಡಿಗೆ ಸಹಿ ಹಾಕಲ್ಲ."

ಕೊನೆಯ ಮಾತು ಅವರು ಆಡುತ್ತಾರೆಂದು ನಾನೂ ಎಣಿಸಿರಲಿಲ್ಲ. ಅವರ ಸಹಿಯಿಲ್ಲದೆ ವರದಿ ಮುಂದಕ್ಕೆ ಹೋಗುವುದಿಲ್ಲ. ಮಾಲೀಕರು ನನ್ನತ್ತ ತಿರುಗಿ, ಆಮೇಲೆ ಬಿಂದಿ ಅಂಟಿಸಿದ್ದ ನಕ್ಷೆಯತ್ತ ನೋಡಿ, "ಆ ಹಸಿರು ಚುಕ್ಕೆ ಎಲ್ಲಾ ಚಾನಲ್ ನೀರಾ?" ಎಂದು ಕೇಳಿದರು. ಹೌದೆಂದೆ. ಇನ್ನೊಂದಿಷ್ಟು ಹೊತ್ತು ಅದನ್ನೇ ನೋಡಿದರು. "ನಾಳೆ ಜನರೇಟರ್ ಕಳಿಸ್ತೀನಿ. ಮಳೆ ಬಂದ್ರೆ ನನ್ನನ್ನ ಬೈಬೇಡಿ."

ಮಳೆ ಬರಲಿಲ್ಲ. ಮೋಡ ಮಾತ್ರ ಪರೀಕ್ಷೆ ನಡೆದ ಎರಡು ದಿನವೂ ತಲೆಯ ಮೇಲೇ ನಿಂತಿತ್ತು. ಸೈಟಿನಲ್ಲಿ ಜನರೇಟರ್ ಗುಂಯ್ ಎನ್ನುತ್ತಿತ್ತು, ಬೋರಿನ ನೀರು ಪೈಪಿನಲ್ಲಿ ದೂರದ ಹಳ್ಳಕ್ಕೆ ಹರಿಯುತ್ತಿತ್ತು, ಸಹೋದ್ಯೋಗಿಯೊಬ್ಬರು ಅಲ್ಲಿ ಅಳೆಯುತ್ತಿದ್ದರು. ಬಾವಿಯ ಬಳಿ ನಾನು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಬಾವಿ ಇಳಿಯುವ ವೇಗ ಹೆಚ್ಚಿತು. ಸಂಜೆ ಬೋರು ನಿಲ್ಲಿಸಿದೆವು. ಬೆಳಗ್ಗೆ ಬಂದು ಅಳೆದರೆ, ರಾತ್ರಿಯಿಡೀ ಬಿಟ್ಟಿದ್ದರೂ ಕಳೆದುಕೊಂಡದ್ದು ವಾಪಸ್ ಬಂದಿರಲಿಲ್ಲ. ಎರಡನೆಯ ದಿನದ ಸಂಜೆಗೆ ಬಾವಿಮನೆಯಮ್ಮನ ಸೊಸೆ ಬಿಟ್ಟ ಕೊಡ ತಳಕ್ಕೆ ತಾಗಿ, ಕೆಸರು ಕದಡಿ, ಕಂದು ನೀರು ಮೇಲೆ ಬಂತು. ಅಲ್ಲಿಗೆ ನಿಲ್ಲಿಸಿ ಎಂದು ನಾನು ಸೈಟಿಗೆ ಫೋನ್ ಮಾಡಿದೆ.

ಸೊಸೆ ಕೊಡವನ್ನು ಅತ್ತೆಯ ಮುಂದೆ ತಂದಿಟ್ಟಳು. ಬಾವಿಮನೆಯಮ್ಮ ಅದನ್ನು ನೋಡಿ, "ಗಿಡಕ್ಕೆ ಹಾಕು" ಎಂದಷ್ಟೇ ಹೇಳಿದರು.

ವಾಪಸ್ ಬರುವಾಗ ಭದ್ರಾವತಿ ದಾಟಿದ ಮೇಲೆ ಡ್ರೈವರ್ ಕೇಳಿದರು.

"ಅಕ್ಕಾ, ಇದನ್ನ ಬರೀಲೇಬೇಕಾ?"

"ಬರೀಬೇಕಲ್ಲ."

"ಒಂದು ಕಾರ್ಖಾನೆ ಮುಚ್ಚಿದ್ದು ನೋಡಿದ್ದೀನಿ. ಒಂದು ತೆರೆಯೋದನ್ನೂ ನೋಡಣ ಅಂತ ಆಸೆ ಇತ್ತು."

ಸರ್ಟಿಫಿಕೇಟು ನನ್ನ ಮುಂದೆಯೇ ಇತ್ತು. ಮಾತು ಬದಲಿಸಲೆಂದು ಬಾಯ್ಲರ್ ಕೆಲಸ ಹೇಗಿರುತ್ತಿತ್ತು, ರಜೆ ಸಿಗುತ್ತಿತ್ತಾ ಎಂದು ಕೇಳಿದೆ. "ರಜೆ ಎಲ್ಲಿಂದ ಬರ್ಬೇಕು? ವರ್ಷಕ್ಕೊಂದ್ಸಲ ಇನ್‌ಸ್ಪೆಕ್ಷನ್‌ಗೆ ಬಾಯ್ಲರ್ ತಣ್ಣಗೆ ಮಾಡ್ಬೇಕಲ್ಲ, ಆವಾಗ ಇಡೀ ಮಿಲ್ಲು ನಿಲ್ತಿತ್ತು. ರೋಲರ್, ಬೇರಿಂಗು ರಿಪೇರಿ ಎಲ್ಲ ಅದೇ ಟೈಮಿಗೆ ಇಟ್ಕೊಳ್ಳೋರು. ನಮ್ಮ ಮದ್ವೆ, ಮುಂಜಿ ಎಲ್ಲಾ ಆವಾಗ್ಲೇ."

"ಆ ಟೈಮು ಯಾವಾಗ ಅಂತ ಯಾರು ತೀರ್ಮಾನ ಮಾಡ್ತಿದ್ರು?"

"ಕಂಪ್ನಿಯೋರು. ಅವರಿಗೆ ಅನುಕೂಲ ಆದಾಗ."

ಆಮೇಲೆ ಅವರೇ ಜೀಪಿನ ವೇಗ ತಗ್ಗಿಸಿ, "ಚಾನಲ್ ನಿಂತಾಗ ಇಟ್ಕೊಂಡ್ರೆ?" ಎಂದರು. ನಾನು "ಅದನ್ನೇ ಯೋಚಿಸ್ತಿದ್ದೆ" ಎಂದೆ.

ಹೊಸ ಕರಡಿನಲ್ಲಿ ಈ ಸಲಹೆ ಸೇರಿತು. ನಾಲೆ ನಿಂತಂದಿನಿಂದ ಮಳೆ ಹಿಡಿಯುವವರೆಗೆ ಕಾರ್ಖಾನೆ ಬೋರು ಮುಟ್ಟಬಾರದು, ವಾರ್ಷಿಕ ರಿಪೇರಿಯನ್ನು ಆಗಲೇ ಇಟ್ಟುಕೊಳ್ಳಬೇಕು, ಅದು ಸಾಲದೆ ಉಳಿದ ದಿನಗಳಿಗೆ ಮಳೆನೀರು ಕೂಡಿಡುವ ಹೊಂಡ ಬೇಕು. ಹೊಂಡದ ಮಾತಿಗೆ ಮಾಲೀಕರು ಗೊಣಗಿದರು. ಆದರೂ ಒಪ್ಪಿದರು. ಕನ್ನಡ ಸಾರಾಂಶದಲ್ಲಿ ಬಾವಿಯ ಭಾಗವನ್ನು ನಾನು ಎಷ್ಟೋ ಸಲ ತಿದ್ದಿ ಬರೆದೆ, ಊರಿನಲ್ಲಿ ಯಾರು ಓದಿದರೂ ತಿಳಿಯಲೆಂದು.

ತಿಳಿಯಿತು. ತಿಳಿದದ್ದರಿಂದಲೇ ಜಗಳವಾಯಿತು.

ಆಲಿಕೆ ಸಭೆ ನಡೆದದ್ದು ಮಳೆಗಾಲ ಕಳೆದ ಮೇಲೆ, ಊರ ಶಾಲೆಯ ಮೈದಾನದಲ್ಲಿ. ಶಾಮಿಯಾನ, ಮೈಕು, ವಿಡಿಯೋ ಚಿತ್ರಣ, ಅಧ್ಯಕ್ಷತೆಗೆ ಜಿಲ್ಲೆಯಿಂದ ಬಂದ ಅಧಿಕಾರಿ. ನಾಲೆ ತುಂಬಿ ಹರಿಯುತ್ತಿತ್ತು, ಬಾವಿಯೂ ತುಂಬಿತ್ತು. ಬಗ್ಗಿದರೆ ಮುಖ ಕಾಣುವಷ್ಟು ಹತ್ತಿರಕ್ಕೆ ನೀರು. ಜನ್ನಾಪುರದಿಂದ ಬಂದಿದ್ದ ಹಳೆಯ ಕಾರ್ಮಿಕರು, "ಕೆಲಸ ಕೊಡೋರು ಬಂದ್ರೆ ಬಾವಿ, ಗೀವಿ ಅಂತ ಅಡ್ಡ ಹಾಕ್ತೀರಾ?" ಎಂದು ನನ್ನತ್ತ ಬೆರಳು ತೋರಿಸಿದರು. ಅದನ್ನು ನಿರೀಕ್ಷಿಸಿದ್ದೆ. ಊರಿನವರೇ ಸಿಟ್ಟಾಗುತ್ತಾರೆಂದು ನಿರೀಕ್ಷಿಸಿರಲಿಲ್ಲ.

"ನಮ್ಮ ಬಾವಿ ಬತ್ತುತ್ತೆ ಅಂತ ಪೇಪರಲ್ಲಿ ಹಾಕಿದ್ದೀರಲ್ಲ" ಎಂದು ಒಬ್ಬರು ಎದ್ದರು. "ನಾಳೆ ಇದನ್ನ ಓದಿದೋರು ನಮ್ಮೂರಿಗೆ ಹೆಣ್ಣು ಕೊಡ್ತಾರಾ? ಬೇಕಾದ್ರೆ ಈಗ ಬನ್ನಿ, ತೋರಿಸ್ತೀವಿ!"

ಚಪ್ಪಾಳೆ ಬಿತ್ತು. ಬಾವಿಮನೆಯಮ್ಮನನ್ನು ಮೈಕಿನ ಹತ್ತಿರ ಕರೆದರು. ಅವರು ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, "ನಮ್ಮ ಬಾವಿ ಬತ್ತಿದ್ದಿಲ್ಲ" ಎಂದರು. ಹೋಗಿ ಕೂತರು. ಇನ್ನಷ್ಟು ಚಪ್ಪಾಳೆ.

ಆ ಒಂದು ವಾಕ್ಯ ಏನು ಮಾಡಬಲ್ಲದೆಂದು ನನಗೆ ಗೊತ್ತಿತ್ತು. ಸಭೆಯ ನಡಾವಳಿ ತಜ್ಞರ ಸಮಿತಿಗೆ ಹೋಗುತ್ತದೆ. ಬಾವಿ ಬತ್ತುವುದಿಲ್ಲವೆಂದು ಬಾವಿಯವರೇ ಹೇಳಿದ್ದಾರೆ ಎಂದಾದರೆ, ನಾಲೆ ನಿಂತಾಗ ಬೋರು ನಿಲ್ಲಿಸುವ ಷರತ್ತು ಯಾರಿಗೆ ಬೇಕು? ಮಾಲೀಕರ ವಕೀಲರು ಆಗಲೇ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಸಂಯೋಜಕರು ಮೆಲ್ಲಗೆ, "ಕೂತ್ಕೊಳ್ಳಿ ಮೇಡಂ. ನಮ್ಮ ಮಾತು ವರದಿಯಲ್ಲಿದೆ. ಇದು ಅವರು ಮಾತಾಡೋ ಜಾಗ" ಎಂದರು. ಕೂತೆ.

ಇಂಥ ಸಭೆಗೊಂದು ನಿಯಮವಿದೆ. ಬಂದ ಮಾತುಗಳನ್ನೆಲ್ಲ ಬರೆದುಕೊಂಡು, ಕೊನೆಗೆ ಅವನ್ನು ಜನರ ಭಾಷೆಯಲ್ಲೇ ಎಲ್ಲರ ಮುಂದೆ ಓದಿ ಹೇಳಬೇಕು. ಎಷ್ಟೋ ಸಭೆಗಳಲ್ಲಿ ಆ ಹೊತ್ತಿಗೆ ಜನ ಎದ್ದು ಹೋಗಿರುತ್ತಾರೆ, ಓದುವವರು ಕುರ್ಚಿಗಳಿಗೆ ಓದುತ್ತಾರೆ. ಇಲ್ಲಿ ಬಾವಿಮನೆಯಮ್ಮ ಮೊದಲ ಸಾಲಿನಿಂದ ಎದ್ದಿರಲಿಲ್ಲ. ಗುಮಾಸ್ತರು ಓದುತ್ತ ಬಂದರು. "ಗ್ರಾಮದ ಬಾವಿಯಲ್ಲಿ ವರ್ಷವಿಡೀ ನೀರಿನ ಕೊರತೆ ಇರುವುದಿಲ್ಲವೆಂದು ಗ್ರಾಮಸ್ಥರು ತಿಳಿಸಿರುತ್ತಾರೆ..."

"ಅದು ನಾನು ಹೇಳಿದ್ದಾ?" ಬಾವಿಮನೆಯಮ್ಮ ಕೂತಲ್ಲಿಂದಲೇ ಕೇಳಿದರು.

"ಹೌದಮ್ಮ, ನೀವೇ ಹೇಳಿದ್ದು."

"ನಾನು ವರ್ಷವಿಡೀ ಅಂದಿಲ್ಲ." ಎದ್ದು ನಿಂತರು. ಈ ಸಲ ಮೈಕಿನ ಬಳಿ ಹೋಗಲಿಲ್ಲ, ದನಿ ಅಲ್ಲಿಂದಲೇ ಕೇಳುತ್ತಿತ್ತು. "ಬತ್ತಿದ್ದಿಲ್ಲ ಅಂದೆ. ಬತ್ತಿದ್ದಿಲ್ಲ, ಅದನ್ನ ಹಂಗೇ ಬರ್ಕೊಳ್ಳಿ. ಯಾಕೆ ಬತ್ತಿದ್ದಿಲ್ಲ ಅನ್ನೋದನ್ನೂ ಬರ್ಕೊಳ್ಳಿ. ಚಾನಲ್ ನೀರು ಜಿನುಗಿ ಬಾವಿ ತುಂಬ್ತದೆ, ಅದಕ್ಕೆ. ಚಾನಲ್ ನಿಂತ ಮೇಲೆ ನಮ್ಮ ಬಾವಿ ನೀರು ತಳಕ್ಕೆ ಹೋಗ್ತದೆ. ನಾವು ಮೋಟರ್ ಇಡ್ದೇ ಇದ್ರೂ ಹೋಗ್ತದೆ. ಈ ವರ್ಷ ನಾನೇ ಕಣ್ಣಾರೆ ನೋಡಿದ್ದೀನಿ. ಆಗ ಉಳಿಯೋದು ನಮ್ಮೂರಿಗೆ ಸಾಕಾಗೋಷ್ಟೇ. ಅದರಲ್ಲಿ ಇನ್ನೊಬ್ಬರು ಪಾಲು ಕೇಳಿದ್ರೆ ನಮಗೆ ಸಿಗೋದು ಕೆಸರು. ಕೊಡದಲ್ಲಿ ಬಂದಿತ್ತು, ನನ್ನ ಸೊಸೆನ ಕೇಳಿ."

ಚಪ್ಪಾಳೆಯೇನೂ ಬೀಳಲಿಲ್ಲ. ಹೆಣ್ಣಿನ ಮಾತೆತ್ತಿದ್ದವರು, "ಏನಮ್ಮ, ನೀನೇ ಹಿಂಗಂದ್ರೆ?" ಎಂದರು.

"ಸುಮ್ನಿರೋ. ಕೊಟ್ಟ ಹೆಣ್ಣಿಗೆ ಕುಡಿಯೋಕೆ ನೀರು ಬ್ಯಾಡ್ವಾ?"

ಅಧಿಕಾರಿ ಗುಮಾಸ್ತರಿಗೆ ಕೈಸನ್ನೆ ಮಾಡಿದರು. ಹಳೆಯ ವಾಕ್ಯ ಹೊಡೆದುಹಾಕಿ ಹೊಸದು ಬರೆದಾಯಿತು. ಇನ್ನೊಮ್ಮೆ ಓದಿಸಿದರು. ಬಾವಿಮನೆಯಮ್ಮ ಪೂರ್ತಿ ಕೇಳಿಸಿಕೊಂಡು, "ಹಾಂ, ಈಗ ಸರಿ" ಎಂದ ಮೇಲೆಯೇ ಕೂತದ್ದು. ಅಷ್ಟು ಹೊತ್ತು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ ನಮ್ಮ ಡ್ರೈವರ್ ಜೀಪಿನ ಕಡೆ ಹೋದರು.

ಒಪ್ಪಿಗೆ ಬಂತು, ಷರತ್ತುಗಳ ಸಮೇತ. ನಾಲೆ ನಿಂತಾಗ ಬೋರು ನಿಲ್ಲಬೇಕು, ಹೊಂಡ ಬೇಕು, ಬಾವಿಯ ಮಟ್ಟವನ್ನು ತಿಂಗಳು ತಿಂಗಳೂ ಅಳೆದು ಪಂಚಾಯ್ತಿಯ ಗೋಡೆಗೆ ಹಾಕಬೇಕು. ಕಾಗದದ ಮೇಲಿನ ಷರತ್ತು ನೆಲದ ಮೇಲೆ ಎಷ್ಟು ಉಳಿಯುತ್ತದೆಂದು ಕಾರ್ಖಾನೆ ಓಡತೊಡಗಿದ ಮೇಲೆ ಗೊತ್ತಾಗಬೇಕು. ಸದ್ಯ ಗೋಡೆಗಳು ಎದ್ದಿವೆ, ಬಾಯ್ಲರ್ ಇನ್ನೂ ಬಂದಿಲ್ಲ. ಡ್ರೈವರ್ ಪ್ರತಿ ಸಲ ಆ ದಾರಿಯಲ್ಲಿ ಹೋಗುವಾಗ ಜೀಪು ನಿಧಾನ ಮಾಡಿ ಚಿಮಣಿ ಎಷ್ಟು ಮೇಲೇರಿತೆಂದು ನೋಡುತ್ತಾರೆ.

ಈ ಮೇ ತಿಂಗಳಲ್ಲಿ, ನಾಲೆ ನಿಂತ ಸುದ್ದಿ ಪತ್ರಿಕೆಯಲ್ಲಿ ಓದಿ, ಹೋಗಬೇಕಲ್ಲ ಎಂದುಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಫೋನ್ ಬಂತು. ಬಾವಿಮನೆಯಮ್ಮ.

"ಮೇಡಮ್ಮ, ಗಂಡಸರು ಮೋಟರ್ ತಂದು ಕಟ್ಟೆ ಮೇಲೆ ಕೂತವ್ರೆ. ಚಾಲೂ ಮಾಡ್ಬ್ಯಾಡ್ರಿ ಅಂದಿದ್ದೀನಿ. ನಿಮ್ದು ಆ ಕೀಂ ಅನ್ನೋದು ತಗೊಂಡು ಬೇಗ ಬನ್ನಿ. ಮೊದ್ಲು ಅಳತೆ, ಆಮೇಲೆ ಹೂಳು."

ನಾಳೆಯಿಂದಲೇ ಬರುತ್ತೇನೆ, ಒಂದು ವಾರ ಬೇಕು ಎಂದೆ.

"ವಾರ ಆಗ್ಲಿ. ಕೊನೇ ದಿನ ಮಾತ್ರ ಹಳೇ ಸೀರೆ ಉಟ್ಕೊಂಡು ಬಾ ಮಾರಾಯ್ತಿ. ಬಾಂಡಲಿ ಹೊರೋಕೆ ಒಂದು ಕೈ ಕಮ್ಮಿ ಇದೆ."